ಸುಮ್ಕೆ ಅಂದವರಿಗೆ ಟಿವಿ ಇಲ್ಲ

ಟಿವಿ ನೋಡುವಾಗ ದೊಡ್ಡಮ್ಮನ ತುಟಿಗಳು ಅಲ್ಲಾಡುತ್ತಿದ್ದವು. ಪರದೆಯ ಮೇಲಿನ ಸೊಸೆ ಅತ್ತರೆ ಇವಳ ಕೆಳತುಟಿ ಮುಂದೆ ಬರುತ್ತಿತ್ತು. ಅತ್ತೆ ಗದರಿದರೆ ಹುಬ್ಬು ಗಂಟಿಕ್ಕುತ್ತಿತ್ತು. ಮಡಿಲಲ್ಲಿ ಅವರೆಕಾಯಿಯ ಮೊರವಿದ್ದರೆ ಅರ್ಧ ಸುಲಿದ ಕಾಯಿ ಬೆರಳುಗಳ ನಡುವೆ ಹಾಗೇ ನಿಂತುಬಿಡುತ್ತಿತ್ತು, ಜಾಹೀರಾತು ಬರುವವರೆಗೆ.

ಅರಕಲಗೂಡಿನಿಂದ ಪಿಯುಸಿ ಓದಲು ನಾನು ಹೊಳೆನರಸೀಪುರಕ್ಕೆ ಬಂದು ದೊಡ್ಡಪ್ಪನ ಮನೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ದೊಡ್ಡಪ್ಪನಿಗೆ ಹಳೇಕೋಟೆ ಕಡೆ ಜಮೀನು, ಪೇಟೆಯಲ್ಲಿ ಗೊಬ್ಬರದ ಅಂಗಡಿ. ಮನೆಯಲ್ಲಿ ಅಜ್ಜಿಯೂ ಇದ್ದಳು, ದೊಡ್ಡಪ್ಪನ ತಾಯಿ. ಆ ಬೀದಿಗೆ ಕೇಬಲ್ ಬಂದದ್ದು ಹೊಸತು. ಸಂಜೆಯ ಧಾರಾವಾಹಿಗೆ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ಎದುರು ಮನೆಯ ಟೈಲರ್ ಹೆಂಡತಿಗೆ ಕಂಬಕ್ಕೆ ಒರಗುವ ಜಾಗ ಖಾಯಂ. ದೊಡ್ಡಮ್ಮ ಎಲ್ಲರಿಗೂ ಕಾಫಿ ಕೊಟ್ಟು, ತಾನು ಕುಡಿಯುವುದನ್ನು ಮರೆಯುತ್ತಿದ್ದಳು.

ಒಂದು ಸಂಜೆ ಟ್ಯೂಷನ್ ಮುಗಿಸಿ ಬಂದವಳು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅಜ್ಜಿ ಬಿದ್ದಿದ್ದಳು. ಸೀರೆಯೆಲ್ಲ ನೆನೆದಿತ್ತು. ಒಂದು ಕಾಲು ಬೇರೆ ಯಾರದೋ ಎಂಬಂತೆ ಓರೆಯಾಗಿ ತಿರುಗಿತ್ತು.

"ಎಲ್ಡು ಸಲ ಕೂಗ್ದೆ ಕಣವ್ವ" ಎಂದಳು ಮೆಲ್ಲಗೆ. "ಆಮೇಕೆ, ನಾಟ್ಕ ಮುಗೀಲಿ ಅಂತ ಸುಮ್ಕಾದೆ."

ನಾನು ಒಳಗೆ ಓಡಿ, "ಅಜ್ಜಿ ಬಿದ್ದವ್ಳೆ!" ಎಂದು ಕಿರುಚಿದೆ. ಪರದೆಯ ಮೇಲೂ ಯಾರೋ ಕಿರುಚುತ್ತಿದ್ದರು. ಒಬ್ಬರೂ ತಿರುಗಲಿಲ್ಲ. ಹೋಗಿ ಸ್ವಿಚ್ ಆರಿಸಿದೆ. ಆಗ ಎಲ್ಲರೂ ನನ್ನ ಕಡೆ ನೋಡಿದರು. ದೊಡ್ಡಮ್ಮನ ಬಾಯಿಂದ ಮೊದಲು ಬಂದ ಮಾತು: "ಲೇ, ಯಾಕಮ್ಮಿ ಆರಿಸ್ದೆ?"

ಆ ಮಾತು ಅವಳನ್ನು ಸಾಯುವವರೆಗೂ ತಿಂದಿತು.

ಅಜ್ಜಿಯನ್ನು ಹಾಸನಕ್ಕೆ ಒಯ್ದರು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಮನೆಗೆ ಬಂದಮೇಲೂ ಅವಳಿಗೆ ಮಂಚ ಬಿಟ್ಟು ಏಳಲಾಗಲಿಲ್ಲ. ದೊಡ್ಡಮ್ಮ ಟಿವಿಗೆ ಹಳೆಯ ದುಪ್ಪಟಿ ಹೊದಿಸಿದಳು. ಅಜ್ಜಿಯನ್ನು ನೋಡಲು ಬಂದವರು ಹೇಗಾಯಿತೆಂದು ಕೇಳುವ ಮೊದಲೇ ತಾನೇ ಶುರು ಮಾಡುತ್ತಿದ್ದಳು: "ನಾನು ಟಿವಿ ಮುಂದೆ ಕುಂತಿದ್ದೆ ಕಣಕ್ಕ. ನಮ್ಮತ್ತೆ ಇತ್ಲಲ್ಲಿ ಬಿದ್ದು ಕೂಗ್ತಿದ್ರು. ಈ ಉಡ್ಗಿ ಬಂದು ಯೋಳುದ್ರೆ ಟಿವಿ ಯಾಕ್ ಆರಿಸ್ದೆ ಅಂತ ಕೇಳ್ದೆ."

ದೊಡ್ಡಪ್ಪನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. "ಕಾಲು ಜಾರಿ ಬಿದ್ರು ಅಂದ್ರೆ ಸಾಕಲ್ವಾ? ಮನೆ ಮಾನ ಯಾಕೆ ಕಳೀತೀಯ?"

"ಓಗಿರೋದು ನನ್ ಮಾನ. ನಾನೇ ಯೋಳ್ಕತೀನಿ ಬುಡಿ."

ನನಗಂತೂ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸುತ್ತಿತ್ತು. ಕಾಲೇಜಿನ ಗೆಳತಿಯರಿಗೂ ಅವಳು ಇದನ್ನೇ ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯವೇ ಇಲ್ಲದ ಹೆಂಗಸಿನ ಮುಂದೆ ಹೇಳತೊಡಗಿದಾಗ ನಾನು ಹತ್ತು ಮಾರು ದೂರ ಹೋಗಿ, ಹಿರೀಸಾವೆ ಬಸ್ಸಿನ ಬೋರ್ಡು ಓದುತ್ತಾ ನಿಂತೆ. ಇವಳು ನನಗೆ ಏನೂ ಆಗಬೇಕಿಲ್ಲ ಎಂಬಂತೆ.

ಅಜ್ಜಿಯೇ ಒಂದು ದಿನ ಮಂಚದಿಂದ ಕೇಳಿದಳು: "ಅಲ್ಲ ಕಣೆ, ಆ ಉಡ್ಗಿ ಮದ್ವೆ ಏನಾಯ್ತು?"

"ಯಾವ ಉಡ್ಗಿ, ಅತ್ತೆ?"

"ಅದೇ, ನಾಟ್ಕದೋಳು."

ದೊಡ್ಡಮ್ಮ ಅಳತೊಡಗಿದಳು. ತಾನಿನ್ನು ಜನ್ಮದಲ್ಲಿ ಅದನ್ನು ಹಾಕುವುದಿಲ್ಲ ಎಂದಳು. ಅಜ್ಜಿಗೆ ರೇಗಿತು. "ತಪ್ಪು ಮಾಡ್ದೋಳು ನೀನು, ಗ್ವಾಡೆ ನೋಡ್ಕಂಡು ಮನೀಕಬೇಕಾದೋಳು ನಾನಾ? ತಂದು ಇಲ್ಲಿಕ್ಕು."

ಹಾಗೆ ಟಿವಿ ಅಜ್ಜಿಯ ಕೋಣೆಗೆ ಹೋಯಿತು. ಆದರೆ ಅದು ಈಗ ದೊಡ್ಡಮ್ಮನ ಹದ್ದುಬಸ್ತಿನಲ್ಲಿತ್ತು. ಹಿತ್ತಲಲ್ಲಿ ಚೊಂಬು ಬಿದ್ದರೂ ಕೇಳಿಸುವಷ್ಟು ಸಣ್ಣ ದನಿ. ಜಾಹೀರಾತು ಬಂದಾಗಲೆಲ್ಲ ಅವಳು ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಬೀಳುವವರು ಅಲ್ಲಿ ಯಾರೂ ಇಲ್ಲದಿದ್ದರೂ. ಅಜ್ಜಿಯ ಧಾರಾವಾಹಿ ಮುಗಿದ ತಕ್ಷಣ ಆರಿಸಿ, ನಡೆದ ಕಥೆಯ ಬಗ್ಗೆ ಇಬ್ಬರೂ ಜಗಳವಾಡುತ್ತಾ ರೊಟ್ಟಿ ತಿನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ಅತ್ತೆ ಸೊಸೆ ಅಷ್ಟೊಂದು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಬೇರೆ ಯಾರೇ ಟಿವಿ ಹಾಕಲು ಹೋದರೂ ದೊಡ್ಡಮ್ಮನ ಪ್ರಶ್ನೆ ಒಂದೇ. "ಏನ್ ನೋಡಕ್ಕೆ?"

ವಾರ್ತೆ ಎಂದರೆ ಆಯಿತು. ಕ್ರಿಕೆಟ್ ಎಂದರೂ ಆಯಿತು. ನಾನೊಮ್ಮೆ "ಸುಮ್ನೆ" ಎಂದೆ.

"ಸುಮ್ಕೆ ಆದ್ರೆ ಸುಮ್ಕೇ ಕುಂತ್ಕ."

ಮುಂದೆ ದೊಡ್ಡಪ್ಪ ಮೊಬೈಲ್ ತಂದಾಗ ಅದಕ್ಕೊಂದು ಬಟ್ಟೆಚೀಲ ಹೊಲಿಸಿ ನಡುಮನೆಯ ಮೊಳೆಗೆ ನೇತುಹಾಕಿದಳು. "ಅದು ನಮ್ ಇಂದೆ ಬರ್ಬಾರ್ದು, ನಾವು ಅದ್ರತ್ರ ಓಗ್ಬೇಕು" ಎಂಬುದು ಅವಳ ಕಾನೂನು. ಗಿರಾಕಿಗಳ ಕರೆ ತಪ್ಪುತ್ತದೆ ಎಂದು ದೊಡ್ಡಪ್ಪ ಗೊಣಗುತ್ತಿದ್ದರು. ಆದರೆ ಊಟಕ್ಕೆ ಕೂರುವಾಗ ಅದನ್ನು ತಾವೇ ಚೀಲಕ್ಕೆ ಇಳಿಬಿಡುತ್ತಿದ್ದರು.

ಅಜ್ಜಿ ಅದಾದಮೇಲೆ ಕೆಲವು ವರ್ಷ ಮಂಚದ ಮೇಲೆಯೇ ಬದುಕಿ, ನಿದ್ದೆಯಲ್ಲಿ ಹೋದಳು. ನಾನಾಗ ಚನ್ನರಾಯಪಟ್ಟಣದಲ್ಲಿ ಕೆಲಸಕ್ಕೆ ಸೇರಿದ್ದೆ. ತಿಥಿಯ ದಿನ ಊಟವಾದಮೇಲೆ ನೆಂಟರೆಲ್ಲ ಅಂಗಳದಲ್ಲಿ ಕೂತು ದೊಡ್ಡಮ್ಮನನ್ನು ಹೊಗಳತೊಡಗಿದರು. ಇಂಥ ಸೊಸೆ ಯಾರಿಗೆ ಸಿಗುತ್ತಾಳೆ, ಹೆತ್ತ ಮಗಳೂ ಇಷ್ಟು ಮಾಡುತ್ತಿರಲಿಲ್ಲ ಎಂದರು. ದೊಡ್ಡಮ್ಮ ಕೈ ಅಡ್ಡ ಹಿಡಿದಳು.

"ಅಂಗನ್ಬೇಡಿ. ಅವತ್ತು ನಾನು ಟಿವಿ ಮುಂದೆ ಕುಂತಿದ್ದೆ..."

ಮತ್ತೆ ಶುರುವಾಯಿತಲ್ಲ ಎಂದು ನಾನು ತಲೆ ತಗ್ಗಿಸಿದೆ. ಮಾತು ಪೂರ್ತಿಯಾಗಲಿಲ್ಲ. ಎಲೆ ಎತ್ತುತ್ತಿದ್ದ ಟೈಲರ್ ಹೆಂಡತಿ ನಡುವೆಯೇ ನಿಂತು, "ಸಾಕು ಮಾಡಕ್ಕ" ಎಂದಳು. "ನಂಗೆ ಕೇಳುಸ್ತು. ಅವತ್ತು ಅಜ್ಜಿ ಕೂಗಿದ್ದು ನಂಗೆ ಕೇಳುಸ್ತು. ಎದ್ರೆ ಕತೆ ತಪ್ಪೋಯ್ತದೆ, ಬೇರೆ ಯಾರಾನ ನೋಡ್ತಾರೆ ಅಂತ ಕುಂತಿದ್ದೆ. ಇಷ್ಟು ವರ್ಷ ನೀನು ಯೋಳ್ಕಂಡು ಓಡಾಡ್ದೆ. ನಾನು ಕೇಳ್ಕಂಡು ಸುಮ್ಕಿದ್ದೆ."

ದೊಡ್ಡಮ್ಮ ಬಯ್ಯುತ್ತಾಳೆ, ಎದ್ದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಟೈಲರ್ ಹೆಂಡತಿಯ ಕಡೆ ನೋಡಿದಳು. ಆಮೇಲೆ ಚಾಪೆಯ ಮೇಲೆ ಪಕ್ಕಕ್ಕೆ ಸರಿದಳು.

"ಬಾ, ಕುಂತ್ಕ. ಇನ್ನೂ ಉಂಡಿಲ್ಲ ನೀನು."

ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಯಾರೂ ಅಳಲಿಲ್ಲ. ಬಡಿಸುತ್ತಿದ್ದವಳು ನಾನು. ಆ ದಿನದ ನಂತರ ದೊಡ್ಡಮ್ಮ ಆ ಕಥೆಯನ್ನು ಯಾರಿಗೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಕಿಡ್ನಿಯ ತೊಂದರೆಯಿಂದ ಅವಳು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಿಷಯ ತಿಳಿದು ನಾನು ಹೊರಟು ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿತ್ತು. ಪೆಟ್ಟಿಗೆಯಿಂದ ಅವಳ ಮದುವೆಯ ಸೀರೆ ತೆಗೆದು, ನೆರಿಗೆ ಸರಿಮಾಡಿ ಉಡಿಸುತ್ತಿದ್ದವಳು ಟೈಲರ್ ಹೆಂಡತಿಯೇ.

ತಪ್ಪು ಮಾಡಿದವರನ್ನು ಬಹಳ ಮಂದಿ ಕಂಡಿದ್ದೇನೆ. ಯಾರೂ ಕೇಳುವ ಮೊದಲೇ, ಮೊದಲ ದಿನದಿಂದಲೇ ಬಾಯಿಬಿಟ್ಟು ಹೇಳಿದವಳು ನನ್ನ ಬದುಕಿನಲ್ಲಿ ಅವಳೊಬ್ಬಳೇ. ನನಗೆ ನಾಚಿಕೆಯಾಗಿದ್ದು ಅವಳ ಆ ಗುಣದಿಂದಲೇ. ಈಗ ಆ ನಾಚಿಕೆಯನ್ನು ನೆನೆದು ನಾಚುತ್ತೇನೆ. ಇದನ್ನು ಅವಳ ಮುಂದೆ ಹೇಳಬೇಕೆಂದು ಎಷ್ಟೋ ಸಲ ಊರಿಗೆ ಹೋಗಿದ್ದೆ. ರೊಟ್ಟಿ ತಿಂದು, ಬಸ್ ಹಿಡಿದು ವಾಪಸು ಬಂದೆ.