ಎಲ್ಲಿಗೆ ಅಂತ ಕೇಳೋ ಡಬ್ಬಿ

ನಮ್ಮ ಕಡಿ ಮನಿಯಿಂದ ಹೊಂಟವರನ್ನ 'ಎಲ್ಲಿಗೆ?' ಅಂತ ಕೇಳಬಾರದು. ಕೇಳಿದ್ರ ಹೋದ ಕೆಲಸ ಕೆಡತೈತಿ. ಕೇಳಿಸಿಕೊಂಡವ್ರು ಒಳಗ ಬಂದು, ಒಂದು ಗುಟುಕು ನೀರು ಕುಡಿದು, ಸ್ವಲ್ಪ ಕುಂತು ಮತ್ತ ಹೊರಡಬೇಕು. ಈ ಪದ್ಧತಿ ಮಾಡಿದ ಪುಣ್ಯಾತ್ಮರಿಗೆ ನಾನು ಎರಡು ವರ್ಷ ದಿನಾ ಮನಸಿನ್ಯಾಗ ಕೈ ಮುಗಿದೀನಿ.

ಯಾಕಂದ್ರ ನನಗ ಸಕ್ಕರಿ ಕಾಯಿಲೆ ಬಂದಿತ್ತು. ಇದೇ ಕಾಯಿಲೆಗೆ ನಮ್ಮಣ್ಣ ಒಂದು ಕಾಲು ಕಳಕೊಂಡಿದ್ದ. ಸೈಕಲ್ ತುಳೀರಿ, ಕರಿದದ್ದು ಬಿಡ್ರಿ ಅಂದ್ರು ಡಾಕ್ಟರು. ಸೈಕಲ್ ಏನೋ ತುಳಿದೆ. ಕೊಟ್ಟೂರಿನಿಂದ ಕೋಗಳಿ ಬಸದಿ ತನಕ ಹೋಗಿ ಬರ್ತೀನಿ ಅಂತ ಹೆಂಡತಿಗೆ ಒಮ್ಮೆ ಹೇಳಿಟ್ಟಿದ್ದೆ. ಬಸದಿಯ ಕಂಬ, ಕಲ್ಲು ಎಲ್ಲಾ ವರ್ಣಿಸಿದ್ದೆ. ಸೈಕಲ್ ಮಾತ್ರ ಕೂಡ್ಲಿಗಿ ರಸ್ತೆ ಹಿಡೀತಿತ್ತು. ಅಲ್ಲೊಂದು ತಗಡಿನ ಅಂಗಡಿ, ಎಣ್ಣಿಯಾಗ ಕರಿದ ಬಿಸಿ ಬಿಸಿ ಮಿರ್ಚಿ ಭಜಿ, ಒಗ್ಗರಣಿ ಮಂಡಕ್ಕಿ. ಅಬ್ಬಬ್ಬಾ! ಹೊರಡುವಾಗ ಆಕಿ ಕೇಳೋ ಹಂಗಿಲ್ಲ, ನಾ ಹೇಳೋ ಹಂಗಿಲ್ಲ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಮದುವಿಗೆ ಅಂತ ಬೆಂಗಳೂರಿಗೆ ಹೋದಾಗ ಸೈಕಲ್ಲಿಗೆ ಕಟ್ಟೋ ಜಿಪಿಎಸ್ ಡಬ್ಬಿ ನೋಡಾಕ ಇಬ್ಬರೂ ಅಂಗಡಿ ಹೊಕ್ಕಿವಿ. ನನಗ ಬೇಕಾಗಿದ್ದು ಎಷ್ಟು ಕಿಲೋಮೀಟರ್ ಅಂತ ಗೆಳೆಯರ ಮುಂದ ಜಂಬ ಕೊಚ್ಚಿಕೊಳ್ಳಾಕ ಒಂದು ನಂಬರು, ಅಷ್ಟ. ಒಂದು ಡಬ್ಬಿ ಬರೀ ನಂಬರ್ ತೋರಿಸ್ತಿತ್ತು. ಇನ್ನೊಂದರಾಗ ಮ್ಯಾಪು: ನಾವು ತಿರುಗಿದಂಗ ತಿರುಗತೈತಿ, ಬೇಕಾದಷ್ಟು ದೊಡ್ಡದು ಮಾಡಬಹುದು.

"ನಂಬರಿಂದು ಸಾಕು," ಅಂದೆ.

"ತಡೀರಿ," ಅಂದ್ಲು ನನ್ನ ಹೆಂಡತಿ. ಬದನಿಕಾಯಿ ಆರಿಸಿದಂಗ ಡಬ್ಬಿ ತಿರುವಿ ತಿರುವಿ ನೋಡಿ ಅಂಗಡಿಯವನಿಗೆ, "ಬಿಸಿಲಾಗ ಕಾಣತೈತೇನಪ್ಪಾ? ಮನಿಗೆ ಬಂದಮ್ಯಾಲೂ ಹೋದ ದಾರಿ ಕಾಣತೈತೇನು?" ಅಂತ ಕೇಳಿದ್ಲು.

"ಗೆರೆ ಹಾಗೇ ಇರುತ್ತಮ್ಮ. ಎಲ್ಲೆಲ್ಲಿ ಹೋದ್ರೋ ಎಲ್ಲಾ."

"ಹಂಗಾದ್ರ ಇದನ್ನ ಕೊಡು." ನನ್ನ ಕೂಡ್ಲಿಗಿ ರಸ್ತೆಯ ಮಿರ್ಚಿ ಅಲ್ಲೇ ತಣ್ಣಗಾತು.

ಮರುವಾರ ಬಾಗಿಲದಾಗ ನಿಂತು ಡಬ್ಬಿ ಚಾಲೂ ಮಾಡಿದೆ. ಪರದಿ ಮ್ಯಾಲ ಮೊದಲು ಬಂದದ್ದ ಇಂಗ್ಲಿಷಿನ್ಯಾಗ 'ಎಲ್ಲಿಗೆ?' ಅನ್ನೋ ಪ್ರಶ್ನಿ! ಬಚಾವಾದೆ ಅಂದುಕೊಂಡು, "ನೋಡಿಲ್ಲಿ, ಹೊರಡುವಾಗ ಕೇಳತೈತಿ. ಅಪಶಕುನದ ವಸ್ತು, ಬ್ಯಾಡ ಇದು," ಅಂದೆ.

"ಒಳಗ ಬಂದು ನೀರು ಕುಡಿದು ಹೋಗ್ರಿ," ಅಂದ್ಲು, ತಣ್ಣಗ.

ನೀರು ಕುಡಿದು ಹೊಂಟೆ. ಕೂಡ್ಲಿಗಿ ರಸ್ತೆಗೆ ಬಂದಮ್ಯಾಲ ಡಬ್ಬಿ ಆಫ್ ಮಾಡಿದೆ. ನನ್ನ ಬುದ್ಧಿಗೆ ನಾನ ಶಬಾಷ್ ಅಂದುಕೊಂಡು ಎರಡು ಮಿರ್ಚಿ ಜಾಸ್ತಿ ತಿಂದೆ.

ಮನಿಗೆ ಬಂದಾಗ ಆಕಿ ಮ್ಯಾಪು ದೊಡ್ಡದು ಮಾಡಿ ನೋಡಿದ್ಲು. ಆಫ್ ಮಾಡೋ ತನಕದ ಗೆರಿ ಕೂಡ್ಲಿಗಿ ರಸ್ತೆ ಮ್ಯಾಲ ಬಂದು ನಿಂತಿತ್ತು. "ಕೋಗಳಿ ಬಸದಿ ಯಾವಾಗ ಕೂಡ್ಲಿಗಿ ರಸ್ತೆಗೆ ಬಂತ್ರಿ?"

ನಾನು ನಕ್ಕೆ. ಆಕಿ ನಗಲಿಲ್ಲ. "ನಿಮ್ಮಣ್ಣನ ಕಾಲು ತೆಗೆದಾಗ ಆಸ್ಪತ್ರಿಯೊಳಗ ರಾತ್ರಿಯೆಲ್ಲಾ ಕುಂತಾಕಿ ನಾನು. ಇನ್ನೊಂದು ಸಲ ಕುಂದ್ರಾಕ ನನ್ನ ಕೈಲೆ ಆಗೋದಿಲ್ಲ," ಅಂದು ಒಳಗ ಹೋದ್ಲು. ನನಗ ಭಾಳ ನಾಚಿಕಿ ಆತು.

ಮರುದಿನ ಡಬ್ಬಿನ ಮನಿಯಾಗ ಬಿಟ್ಟು ಸೈಕಲ್ ಹೊರಗ ತೆಗೆದೆ. ಹಿಂದಿನಿಂದ ಆಕಿ ದನಿ ಬಂತು: "ಎಲ್ಲಿಗೆ ಹೊಂಟ್ರಿ?"

ಮದುವಿ ಆದಾಗಿನಿಂದ ಆಕಿ ಹಂಗ ಕೇಳಿದ್ದ ಇಲ್ಲ. ಸೈಕಲ್ ನಿಲ್ಲಿಸಿ ಒಳಗ ಬಂದೆ. ನೀರು ಕುಡಿದು ಆಕಿ ಪಕ್ಕ ಕುಂತೆ.

"ಕೋಗಳಿಗೆ," ಅಂದೆ.

ಎರಡು ವರ್ಷದ ಹಿಂದ ಆಕಿಗೆ ವರ್ಣಿಸಿದ್ದ ಬಸದಿನ ಅವತ್ತ ಮೊದಲ ಸಲ ಕಣ್ಣಾರೆ ನೋಡಿದೆ.