ಹಳ್ಳಕ್ಕಿಳಿದ ರಜಿಯಾಬಿ

ಕಲಘಟಗಿಯಿಂದ ದುಮ್ಮವಾಡದ ಕಡೆಗೆ ಹೋಗುವಾಗ ಹಳ್ಳದ ದಂಡೆಗೆ ಒಂದು ಸಣ್ಣ ಊರು ಸಿಗುತ್ತದೆ. ಅದೇ ನಮ್ಮೂರು. ಅಲ್ಲಿಯ ರಜಿಯಾಬಿ ಜಂಪರು ಹೊಲಿಯುವುದರಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮುಂದೆ. ಹೊಲಿದ ಜಂಪರು ಬಿಗಿಯಾಯಿತೆಂದು ಯಾರಾದರೂ ದೂರಿದರೆ, "ಜಂಪರ ಬರೋಬರಿ ಐತಿ, ನೀನ ದಪ್ಪಾಗೀಯವಾ" ಎಂದು ತಿರುಗಿಸಿ ಕಳಿಸುತ್ತಾಳೆ. ಗಂಡ ಅಬ್ದುಲ್‌ಸಾಬ ಮನೆಯ ಮಾತನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು, ಭತ್ತದ ಗದ್ದೆ ನೋಡಿಕೊಂಡು ಆರಾಮಾಗಿದ್ದಾನೆ.

ಊರಿನ ಹಳ್ಳವನ್ನು ಸ್ವಚ್ಛ ಮಾಡಲು ಇಳಿದದ್ದು ಪರಿಸರದ ಮೇಲಿನ ಪ್ರೀತಿಯಿಂದ ಎಂದು ರಜಿಯಾಬಿ ಈಗ ಹೇಳುತ್ತಾಳೆ. ನಿಜವಾದ ಕಾರಣ ಅವಳ ಎಮ್ಮೆ.

ಹೋದ ಬೇಸಿಗೆಯಲ್ಲಿ ಮಗಳು ರುಬಿಯಾಳನ್ನು ನೋಡಲು ಹುಬ್ಬಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿ, ರಜಿಯಾಬಿ ಊರನ್ನು ಹೊಗಳಲು ಶುರು ಮಾಡಿದಳು. "ನಮ್ಮ ಹಳ್ಳದ ನೀರ ಅಂದ್ರ ಅಗದಿ ಕನ್ನಡಿ ಇದ್ದಂಗ್ರಿ" ಅನ್ನುವ ಹೊತ್ತಿಗೆ ಸರಿಯಾಗಿ, ಅದೇ ಹಳ್ಳದಲ್ಲಿ ಹೊರಳಾಡಿ ಬಂದ ಎಮ್ಮೆ ಬಾಗಿಲ ಮುಂದೆ ನಿಂತಿತು. ಅದರ ಒಂದು ಕೋಡಿಗೆ ಯಾರದೋ ಕೂಸಿನ ಡೈಪರ್ ನೇತಾಡುತ್ತಿತ್ತು. ಎಮ್ಮೆಗೆ ಅದರ ಗೊಡವೆಯೇ ಇಲ್ಲ. ಮೆಲುಕು ಹಾಕುತ್ತ, ಬಂದವರನ್ನು ಒಬ್ಬೊಬ್ಬರನ್ನಾಗಿ ನೋಡಿತು.

ಗಂಡಿನ ತಾಯಿ ರಹೀಮಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಸಂಬಂಧವೇನೋ ಕೂಡಿತು. ಆದರೆ ಮರುದಿನದಿಂದ ಕಿರಾಣಿ ಅಂಗಡಿಯ ಮುಂದೆ, "ಕನ್ನಡಿ ಹೆಂಗೈತಿ ರಜಿಯಾಬಿ?" ಎಂದು ಕೇಳದವರೇ ಇಲ್ಲ.

ಆ ಸಿಟ್ಟಿಗೆ ಗೊಬ್ಬರದ ಖಾಲಿ ಚೀಲ ಹಿಡಿದು ಹಳ್ಳಕ್ಕಿಳಿದಳು. ದಂಡೆಯಲ್ಲಿ ಪಕ್ಕದ ಮನೆಯ ಅನ್ನವ್ವ ಬಟ್ಟೆ ಒಗೆಯುತ್ತಿದ್ದಳು.

"ಏನ್ ಹುಡುಕಾಕತ್ತೀ? ಬಂಗಾರ ಗಿಂಗಾರ ಬಿದ್ದೈತೇನ?"

"ಇಲ್ಲ ಅನ್ನಕ್ಕ, ನೀ ಹಳ್ಳಕ್ಕ ಒಗದ ಶಾಂಪೂ ಚೀಟಿ ಹುಡುಕಾಕತ್ತೀನಿ. ಅಕಾ, ಸಿಕ್ತು ನೋಡು!"

ಅದು ತನ್ನದಲ್ಲವೆಂದು ವಾದಿಸುತ್ತಲೇ ಅನ್ನವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಹೆಂಗಸರಿಬ್ಬರು ಹಳ್ಳದಲ್ಲಿ ನಿಂತು ಜಗಳವಾಡುತ್ತಿದ್ದಾರೆಂದು ನೋಡಲು ಬಂದವರ ಕೈಗೂ ಚೀಲ ಬಂತು. ಮುಂದೆ ಪ್ರತಿ ಭಾನುವಾರ ಒಂದು ಗುಂಪೇ ಸೇರತೊಡಗಿತು. ಅನ್ನವ್ವನ ಗಂಡ ಕುಬೇರಪ್ಪ ಮಾತ್ರ ಬಂಡೆಯ ಮೇಲೆ ಕುಳಿತು, "ಅಲ್ಲೊಂದೈತಿ, ಇಲ್ಲೊಂದೈತಿ" ಎಂದು ತೋರಿಸುವ ಭಾರದ ಕೆಲಸ ವಹಿಸಿಕೊಂಡ.

ತುಂಬಿದ ಚೀಲದ ಬಾಯಿಯನ್ನು ರಜಿಯಾಬಿ ಜಂಪರು ಹೊಲಿದು ಉಳಿದ ಹೂವಿನ ಬಟ್ಟೆಯ ಪಟ್ಟಿಗಳಿಂದ ಕಟ್ಟುತ್ತಿದ್ದಳು. ಕಸವಾದರೂ ನೋಡಲು ನೆಟ್ಟಗಿರಬೇಕು ಅನ್ನುವವಳು ಅವಳು. ಅನ್ನವ್ವನ ಮಗ ಈರೇಶ ತನ್ನ ಟ್ರ್ಯಾಕ್ಟರಿನಲ್ಲಿ ಚೀಲಗಳನ್ನು ಒಣಕಸದ ಘಟಕಕ್ಕೆ ಮುಟ್ಟಿಸುವೆನೆಂದು ಮುಂದೆ ಬಂದ. ಹೇರಿಕೊಂಡು ಹೋದ, ಖಾಲಿ ಟ್ರೇಲರ್ ತಂದ, ಎಲ್ಲರಿಂದ ಶಾಬಾಸಗಿರಿ ಪಡೆದ. ಊರವರು ಈ ಕೆಲಸದ ಫೋಟೊ ತೆಗೆಯುವ ದಿನ ರಜಿಯಾಬಿ ಹಬ್ಬದ ಸೀರೆ ಉಟ್ಟು ಬಂದು, ಕೆಸರು ತಾಗದ ಹಾಗೆ ದಂಡೆಯಲ್ಲೇ ನಿಂತಳು.

ಆಮೇಲೆ ಮುಂಗಾರು ಶುರುವಾಗಿ ಮಿರಗದ ಮಳೆ ಹೊಡೆಯಿತು. ಕೆಂಪು ನೀರು ನೋಡಲು ಊರೇ ಸೇತುವೆಯ ಮೇಲೆ ನಿಂತಿತ್ತು. ಆಗ ಮೇಲಿನ ತಿರುವಿನಿಂದ ಒಂದರ ಹಿಂದೆ ಒಂದು ಚೀಲಗಳು ತೇಲಿ ಬಂದವು. ಎಲ್ಲದರ ಬಾಯಿಗೂ ಹೂವಿನ ಗಂಟು.

"ರಜಿಯಾಬಿ, ನಿನ್ನ ಜಂಪರ ಹೊಂಟಾವು ನೋಡ!" ಎಂದು ಯಾರೋ ಕೂಗಿದರು.

ರಜಿಯಾಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೇತುವೆ ಇಳಿದಳು. ಅದಕ್ಕೇ ಊರು ಹೆದರಿತು.

ನೆಟ್ಟಗೆ ಅನ್ನವ್ವನ ಮನೆಗೆ ಹೋದಳು. ರೊಟ್ಟಿ ತಿನ್ನುತ್ತಿದ್ದ ಈರೇಶ ಅವಳನ್ನು ಕಂಡದ್ದೇ ಶುರು ಮಾಡಿದ.

"ಚಿಗವ್ವ, ಘಟಕಕ್ಕ ಹೋಗಿದ್ನಿ, ಖರೇನ. ಗೇಟಿಗೆ ಕೀಲಿ ಹಾಕಿತ್ತು. ಹೊಟ್ಟಿ ಬ್ಯಾರೆ ಹಸದಿತ್ತು. ಮ್ಯಾಲಿನ ತಿರುವಿನಾಗ ದಂಡಿಗೆ ಇಳಿಸಿದೆ, ನಾಳೆ ಒಯ್ದರಾತು ಅಂತ."

"ಯಾವ ನಾಳೆಲೇ?"

"ನಾಳೆ ಅನ್ನೂದು ದಿನಾ ಬರತೈತಲ್ಲ ಚಿಗವ್ವ..."

ಅನ್ನವ್ವ ಲಟ್ಟಣಿಗೆ ಹುಡುಕಿದಳು. ಬೈಗುಳದ ಮಳೆಗೆ ಈರೇಶ ತಲೆ ತಗ್ಗಿಸಿ ಕುಳಿತ. ಆದರೆ ರಜಿಯಾಬಿ ಹೊಸ್ತಿಲ ಮೇಲೆ ಕುಸಿದು ಬಲಗೈ ಮುಂದೆ ಚಾಚಿದಳು. ಹಳ್ಳದ ಕಸ ಎತ್ತುವಾಗ ಬಾಟಲಿಯ ಗಾಜು ಹೊಕ್ಕ ಹೆಬ್ಬೆರಳಿನ್ನೂ ಮಾಗಿರಲಿಲ್ಲ. "ಸೂಜಿಗೆ ದಾರಾ ಪೋಣಸಾಕ ಬರವಲ್ದಪಾ" ಅಂದಳು. ಕಣ್ಣು ತುಂಬಿ ಬಂದಿತ್ತು. ಈರೇಶ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟು ಎದ್ದ.

ನೀರು ಇಳಿದ ಮೇಲೆ ಅವನೇ ಹೋಗಿ ಜಾಲಿಯ ಮುಳ್ಳುಕಂಟಿಗೆ ಸಿಕ್ಕಿದ್ದ ಚೀಲಗಳನ್ನು ಎಳೆದ. ಮಗನ ಮರ್ಯಾದೆ ಉಳಿಸಲು ಕುಬೇರಪ್ಪ ಬಂಡೆಯಿಂದಿಳಿದು, ಮೊದಲ ಸಲ ಕಾಲಿಗೆ ಕೆಸರು ಹಚ್ಚಿಕೊಂಡ. ಈ ಸಲ ರಜಿಯಾಬಿ ಟ್ರ್ಯಾಕ್ಟರಿನ ಹೇರಿನ ಮೇಲೆ ತಾನೇ ಹತ್ತಿ ಕುಳಿತಳು.

ಘಟಕಕ್ಕೆ ಹೋದರೆ ಮತ್ತೆ ಕೀಲಿ.

"ಹೊಳ್ಳಿ ಹೋಗೂಣೇನ ಚಿಗವ್ವ?" ಈರೇಶ ಅಂಜುತ್ತ ಕೇಳಿದ.

"ಸುಮ್ಕ ಕುಂದರ್ಲೇ. ಹೊಟ್ಟಿ ಹಸೀತೈತಿ ಅಂದಿದ್ದಿಲ್ಲ?" ಎಂದು ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದಳು. ಕೀಲಿಯವನು ಊಟ ಮುಗಿಸಿ ಬರುವವರೆಗೆ ಇಬ್ಬರೂ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಚೀಲಗಳೆಲ್ಲ ಒಳಗೆ ಹೋದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಎದ್ದದ್ದು.

ಹಳ್ಳ ಈಗ ಬಹಳ ಮಟ್ಟಿಗೆ ಹಸನಾಗಿದೆ. ಮೇಲಿನ ಊರಿನ ಕಸ ಮಾತ್ರ ಇನ್ನೂ ಬರುತ್ತದೆ. ಹೋದ ತಿಂಗಳು ರಜಿಯಾಬಿ, ಅನ್ನವ್ವ ಇಬ್ಬರೂ ಬಸ್ಸು ಹತ್ತಿ ಅಲ್ಲಿಗೇ ಹೋದರು. ಅಲ್ಲಿಯ ಹೆಂಗಸರು ಎಲ್ಲವನ್ನೂ ಗೋಣು ಹಾಕುತ್ತ ಕೇಳಿ, ಬರುವ ಭಾನುವಾರ ತಾವೂ ಇಳಿಯುವುದಾಗಿ ಒಪ್ಪಿ, ಬಹಳ ಪ್ರೀತಿಯಿಂದ ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟರು.

ಚಹಾ ಕುಡಿದು ಅನ್ನವ್ವ ಕಸದ ಬುಟ್ಟಿಗಾಗಿ ಸುತ್ತ ನೋಡಿದಳು. "ಕಪ್ಪ ಎಲ್ಲಿ ಒಗೀಲೇ?"

"ಇಲ್ಲಿ ಒಗದ್ರ ನಮಗಿಂತ ಮೊದಲ ಊರ ಮುಟ್ಟತೈತಿ" ಅಂದಳು ರಜಿಯಾಬಿ.

ಇಬ್ಬರೂ ಖಾಲಿ ಕಪ್ಪು ಹಿಡಿದುಕೊಂಡೇ ಬಸ್ಸು ಹತ್ತಿದರು.