ಮೊಣಕಾಲೂರಿದ ಓಟಗಾರ

ಮೊಣಕಾಲು ಕೈಕೊಟ್ಟ ಮೇಲೆ ನಾನು ಇಳಕಲ್ಲಿನ ಮನೆಯಲ್ಲಿ ಎರಡು ತಿಂಗಳು ಬಿದ್ದುಕೊಂಡಿದ್ದೆ. ಹುನಗುಂದದ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು ನಾನು. ಕಬಡ್ಡಿಯಲ್ಲಿ ರೇಡ್ ಹೋಗುವುದೆಂದರೆ ಇಂದಿಗೂ ಜೀವ. ಇನ್ನೊಮ್ಮೆ ಪೆಟ್ಟು ಬಿದ್ದರೆ ಜೀವನಪೂರ್ತಿ ಕುಂಟಬೇಕಾಗುತ್ತದೆ ಎಂದು ಬಾಗಲಕೋಟೆಯ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅವರ ಮುಂದೆ ತಲೆ ಅಲ್ಲಾಡಿಸಿ ಬಂದು, ಬಾದಾಮಿಯಲ್ಲಿ ನಡೆಯಲಿದ್ದ ಶಿಕ್ಷಕಿಯರ ಪಂದ್ಯಕ್ಕೆ ಹೆಸರು ಕೊಟ್ಟುಬಿಟ್ಟೆ. ಗಂಡನಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ.

ಮಲಗಿದಲ್ಲೇ ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಒಬ್ಬ ಅಮೆರಿಕದ ಆಟಗಾರ ಸಿಕ್ಕ. ಅವರ ಫುಟ್‌ಬಾಲೇ ಬೇರೆ. ಎದುರಾಳಿಗಳು ಒದ್ದ ಚೆಂಡನ್ನು ಹಿಡಿದು, ಏರಿ ಬರುವವರ ನಡುವೆ ನುಸುಳಿ ಮುಂದಕ್ಕೆ ಓಡುವುದೇ ಇವನ ಕೆಲಸ. ಅದರಲ್ಲಿ ದಾಖಲೆ ಇವನದೇ. ಗಿಡ್ಡನೆಂದು ಮೊದಲ ವರ್ಷ ಬೆಂಚು ಕಾಯ್ದವನು ಆಮೇಲೆ ಮೈದಾನದ ಈ ತುದಿಯಿಂದ ಆ ತುದಿಗೆ ಯಾರ ಕೈಗೂ ಸಿಗದೆ ಹೋದ. ನಾನು ಅವನ ಪಂದ್ಯಗಳನ್ನು ಒಂದೊಂದೇ ವರ್ಷದಂತೆ ನೋಡತೊಡಗಿದೆ.

ಅತ್ತೆ ಮಗ್ಗಕ್ಕೆ ನೂಲು ಸುತ್ತುತ್ತ ಪಕ್ಕದಲ್ಲಿ ಕೂಡುತ್ತಿದ್ದರು.

"ಕೈಯಾಗ ಹಿಡ್ಕೊಂಡು ಓಡ್ತಾನ, ಫುಟ್‌ಬಾಲ್ ಅಂತ ಯಾಕಂತಾರವಾ?"

"ನನಗೂ ತಿಳೀವಲ್ದ್ರಿ ಅತ್ತಿ."

ಕೆಲವು ಸಲ ಅವನು ಚೆಂಡು ಹಿಡಿದು, ಓಡದೆ, ಮೈದಾನದ ತನ್ನ ತುದಿಯ ಗೆರೆಯ ಹಿಂದೆಯೇ ನೆಲಕ್ಕೆ ಒಂದು ಮೊಣಕಾಲು ಊರುತ್ತಿದ್ದ. ನಾವು ಕಬಡ್ಡಿಗೆ ಇಳಿಯುವಾಗ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೇ ಇದೂ ಎಂದು ಅತ್ತೆಗೆ ವಿವರಿಸಿದೆ. ಅವರಿಗೆ ಅವನು ಹಿಡಿಸಿಬಿಟ್ಟ.

"ಇಷ್ಟು ದೊಡ್ಡಾಂವ ಆದ್ರೂ ಭೂಮಿತಾಯಿಗೆ ನಮಸ್ಕಾರ ಬಿಟ್ಟಿಲ್ಲ ನೋಡು."

ನಿಯಮ ಓದಿದ ದಿನ ನನ್ನ ಪಾಂಡಿತ್ಯ ಮಣ್ಣುಪಾಲಾಯಿತು. ಅದು ನಮಸ್ಕಾರವೇ ಅಲ್ಲ. ಈ ಸಲ ಓಡುವುದಿಲ್ಲ ಎಂದು ಅರ್ಥ. ಆಗ ಯಾರೂ ಮೈಮೇಲೆ ಬೀಳುವಂತಿಲ್ಲ. ಕಡೆಕಡೆಯ ವರ್ಷಗಳಲ್ಲಿ ಅವನು ಮೊಣಕಾಲು ಊರುವುದು ಹೆಚ್ಚಾಗಿತ್ತು. ನಾಲ್ಕು ದಿನ ಅತ್ತೆಗೆ ಇದನ್ನು ಹೇಳಲಿಲ್ಲ. ಹೇಳಿದರೆ ನನ್ನ ಬುಡಕ್ಕೇ ಬರುತ್ತಿತ್ತು.

ಪಂದ್ಯದ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟೆ. ಹೊಸ್ತಿಲು ದಾಟುವಾಗ ಮೊಣಕಾಲು ಚುಳುಕ್ಕೆಂದಿತು. ಬಾಗಿಲು ಹಿಡಿದು ನಿಂತೆ. "ಎಲ್ಲಿಗವಾ?" ಎಂದರು ಅತ್ತೆ. ಸುಳ್ಳು ಬಾಯಿತನಕ ಬಂದಿತ್ತು. ಆದರೆ ಎಲ್ಲ ಹೇಳಿಬಿಟ್ಟೆ, ಪಂದ್ಯದ್ದೂ, ಡಾಕ್ಟರು ಅಂದದ್ದೂ, ಅವನು ಮೊಣಕಾಲು ಊರುವುದರ ಖರೆ ಅರ್ಥವೂ. ಅತ್ತೆ ಬೈಯಲಿಲ್ಲ.

"ಅಷ್ಟು ದಾಖಲೆ ಮಾಡಿದಾಂವನೂ ಇವತ್ತು ಬ್ಯಾಡ ಅಂತಾನೇನು?"

"ಹೂಂನ್ರಿ."

"ಮತ್ತ ನಿಂದೇನು ಹೆಚ್ಚಿಗಿ?"

ತಂಡದ ನಾಯಕಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. "ಕಡೀ ಗಳಿಗಿಗೆ ಹಿಂಗ ಮಾಡ್ತಿ ಅಂತ ತಿಳಿದಿರಲಿಲ್ಲ," ಎಂದು ಅವಳು ಫೋನಿಟ್ಟಳು.

ಸಂಜೆ ಮತ್ತೆ ಅವಳೇ ಮಾಡಿದಳು. ಗೆದ್ದಿದ್ದರು. ನನ್ನ ಜಾಗದಲ್ಲಿ ರೇಡ್ ಹೋದವಳು ಗುಳೇದಗುಡ್ಡದ ಹೊಸ ಟೀಚರಂತೆ. "ನೀ ಇಲ್ದಿದ್ರೂ ನಡೀತು ನೋಡು," ಎಂದು ನಕ್ಕಳು. ಶಹಬ್ಬಾಸ್ ಎಂದೆ, ಹೊಟ್ಟೆ ಧಗಧಗ ಉರಿಯುತ್ತಿತ್ತು.

ಅತ್ತೆಯ ಹತ್ತಿರ ಹೋಗಿ ಕೂತು, "ಸೋತಿದ್ರ ಚಲೋ ಇತ್ರಿ ಅತ್ತಿ," ಎಂದೆ. ಅಂದ ಮೇಲೆ ನಾಚಿಕೆಯಾಗಿ ಅಳು ಬಂತು. ಅವರು ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ಹಿರಿಯರ ಮೈಗೆ ಕಾಲು ತಾಗಿಸಬಾರದೆಂದು ನಾನು ಹಿಂದಕ್ಕೆಳೆದೆ. ಬಿಡಲಿಲ್ಲ. ಎಣ್ಣೆ ಹಚ್ಚಿ ತಿಕ್ಕತೊಡಗಿದರು.

"ಅಳೂದಿದ್ರ ಅಳು," ಎಂದರು, "ಕಾಲ ಮಾತ್ರ ಅಲ್ಲಾಡಸಬ್ಯಾಡ."